ನಾಲ್ಕನೆಯ ದಾನ



ನಮ್ಮ ವಯನಾಡಿನಲ್ಲಿ ಗುಡ್ಡ ಕುಸಿದ ಸುದ್ದಿ ಈಗ ಹಳೆಯದು. ಆದರೂ ಸೊಲ್ಲಾಪುರದಿಂದಲೋ ಆದವಾನಿಯಿಂದಲೋ ನೆಂಟರು ಫೋನು ಮಾಡಿದಾಗ, ಮದುವೆ ಮುಂಜಿಯ ಮಾತೆಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ನಿಮ್ಮ ಕಡೆ ಈಗ ಹೇಗಿದೆ? ಇನ್ನೂ ಏನಾದರೂ ಕಳಿಸಬೇಕೆ?" ಈ ತಿಂಗಳು ಅದಕ್ಕೇ ಉತ್ತರ ಬರೆಯುತ್ತಿದ್ದೇವೆ.

ಅದು 2024ರ ಜುಲೈ 30. ಚಾತುರ್ಮಾಸ ಆರಂಭವಾಗಿ ಹತ್ತು ದಿನ. ಬಿಡದೆ ಸುರಿದ ಮಳೆಗೆ ಮೇಪ್ಪಾಡಿ ಪಂಚಾಯಿತಿಯ ಪುಂಚಿರಿಮಟ್ಟಂ ಮೇಲಿನ ಬೆಟ್ಟ ನಡುರಾತ್ರಿ ಕಳಚಿ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಇಳಿಯಿತು. 250ಕ್ಕೂ ಹೆಚ್ಚು ಜನ ತೀರಿಕೊಂಡರು. ಎಷ್ಟೋ ದೇಹಗಳು ಚಾಲಿಯಾರ್ ಹೊಳೆಯಲ್ಲಿ ಹರಿದು ಮಲಪ್ಪುರಂ ಜಿಲ್ಲೆಯ ನಿಲಂಬೂರಿನ ಕಡೆ ಸಿಕ್ಕವು. ಗುರುತು ಸಿಗದವರನ್ನು ಪುತ್ತುಮಲದಲ್ಲಿ ಎಲ್ಲ ಮತಗಳವರೂ ಸೇರಿ ಪ್ರಾರ್ಥಿಸಿ ಮಣ್ಣು ಮಾಡಿದರು. ಆ ಗೋರಿಗಳ ಮೇಲೆ ಹೆಸರಿನ ಬದಲು ಸಂಖ್ಯೆ ಬರೆಯಬೇಕಾಯಿತು.

ಶ್ರಾವಕರಿಗೆ ಹೇಳಿರುವ ದಾನಗಳು ನಾಲ್ಕು: ಆಹಾರ, ಔಷಧ, ಶಾಸ್ತ್ರ, ಅಭಯ. ಬಸದಿಯಲ್ಲಿ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಅವುಗಳ ಅರ್ಥ ತಿಳಿದದ್ದು ಮಾತ್ರ ಆ ವರ್ಷ.

ಆಹಾರದಾನಕ್ಕೆ ಕೊರತೆಯಾಗಲಿಲ್ಲ. ಅಕ್ಕಿ, ಬೇಳೆ, ಕಂಬಳಿಗಳ ಲಾರಿಗಳು ಘಟ್ಟ ಹತ್ತಿ ಬಂದವು. ಆದರೆ ಹಳೆಯ ಬಟ್ಟೆಯ ಗಂಟುಗಳೂ ರಾಶಿಯಾಗಿ ಬಿದ್ದವು. ಒಂದು ತಪ್ಪು ಒಪ್ಪಿಕೊಳ್ಳುತ್ತೇವೆ: ಅದರಲ್ಲಿ ಎರಡು ಗಂಟು ನಮ್ಮ ಅಂಗಡಿಯವು, ವರ್ಷಗಳಿಂದ ಮಾರಾಟವಾಗದೆ ಉಳಿದ ಸರಕು. ಅದನ್ನು ದಾನವೆಂದು ಬರೆದುಕೊಂಡಿದ್ದೆವು. ಶಿಬಿರದ ಹುಡುಗರು ಆ ಗಂಟು ಬಿಚ್ಚಿ ಆರಿಸುತ್ತ ಕೂತದ್ದನ್ನು ಕಣ್ಣಾರೆ ಕಂಡ ಮೇಲೆ ನಾಚಿಕೆಯಾಯಿತು.

ಔಷಧದಾನವನ್ನು ವೈದ್ಯರು, ದಾದಿಯರು, ಜೊತೆಗೆ ಕೂತು ಮಾತಾಡಿಸಿದ ಸ್ವಯಂಸೇವಕರು ಮಾಡಿದರು. ಮಳೆ ಸದ್ದಾದರೆ ಈಗಲೂ ನಿದ್ದೆ ಬಾರದವರಿದ್ದಾರೆ. ಆ ಔಷಧ ಇನ್ನೂ ಬೇಕು. ಚೂರಲ್‌ಮಲಕ್ಕೂ ಮುಂಡಕ್ಕೈಗೂ ನಡುವೆ ಕೊಚ್ಚಿಹೋದ ಸೇತುವೆಯ ಜಾಗದಲ್ಲಿ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಆಗಸ್ಟ್ 1ರ ಸಂಜೆಯೊಳಗೆ 190 ಅಡಿಯ ಬೇಲಿ ಸೇತುವೆ ನಿಲ್ಲಿಸಿದರು. ಅದಿಲ್ಲದಿದ್ದರೆ ಯಂತ್ರಗಳೂ ಆಂಬುಲೆನ್ಸುಗಳೂ ಆಚೆ ದಾಟುತ್ತಿರಲಿಲ್ಲ.

ಶಾಸ್ತ್ರದಾನವೆಂದರೆ ವಿದ್ಯಾದಾನ. ವೆಳ್ಳಾರ್‌ಮಲ ಶಾಲೆ ಹೊಳೆಯ ಪಾಲಾಗಿತ್ತು. ಸೆಪ್ಟೆಂಬರ್ 2ರಂದು ಮೇಪ್ಪಾಡಿಯಲ್ಲಿ ಆ ಮಕ್ಕಳಿಗೆ ಮತ್ತೆ ತರಗತಿ ಶುರುವಾಯಿತು. 2025ರ ಹತ್ತನೆಯ ತರಗತಿ ಪರೀಕ್ಷೆಗೆ ಕೂತ ಆ ಶಾಲೆಯ ಮಕ್ಕಳೆಲ್ಲರೂ ತೇರ್ಗಡೆಯಾದರು.

ಉಳಿದದ್ದು ಅಭಯದಾನ. ಇದು ವ್ಯಾಪಾರಿಗಳಾದ ನಮ್ಮ ಮನೆಬಾಗಿಲಿಗೇ ಬರುವ ದಾನ. ಮನೆ ಹೋದವನಿಗೆ ಮೊದಲ ಭಯ ಮಳೆಯದು, ಎರಡನೆಯದು ಸಾಲದ್ದು. ಸರಕಾರ ತುರ್ತು ನೆರವೆಂದು ಕೊಟ್ಟ ಹತ್ತು ಸಾವಿರ ರೂಪಾಯಿಯಲ್ಲೇ ಬ್ಯಾಂಕೊಂದು ಸಾಲದ ಕಂತು ಮುರಿದುಕೊಂಡಿತೆಂದು ದೊಡ್ಡ ಗಲಾಟೆಯಾಯಿತು. ಇತ್ತ ಕೇರಳ ಬ್ಯಾಂಕು ತನ್ನ ಚೂರಲ್‌ಮಲ ಶಾಖೆಯಲ್ಲಿ ತೀರಿಕೊಂಡವರ ಮತ್ತು ಮನೆ ಕಳೆದುಕೊಂಡವರ ಸಾಲ ಮನ್ನಾ ಮಾಡಿತು. ಹಾಗಾದರೆ ನಮ್ಮ ಖಾತೆ ಪುಸ್ತಕ?

ಆ ವರ್ಷದ ದಶಲಕ್ಷಣ ಪರ್ವದಲ್ಲಿ, ಉತ್ತಮ ತ್ಯಾಗದ ದಿನ, ನಾವೂ ಪುಸ್ತಕ ತೆರೆದೆವು. ತೀರಿಕೊಂಡವರ ಪುಟಗಳಿಗೆ ಗೆರೆ ಎಳೆದೆವು. ಬದುಕುಳಿದ ಒಬ್ಬ ಚಿಲ್ಲರೆ ಅಂಗಡಿಯವರು ಎದುರಿಗೇ ಇದ್ದರು. "ನಿಮ್ಮ ಬಾಕಿಯನ್ನೂ ಹೊಡೆದುಹಾಕಿದ್ದೇವೆ" ಎಂದೆವು. ಅವರ ಮುಖ ಅರಳಲಿಲ್ಲ.

"ಹೊಡೆದುಹಾಕಿದರೆ ನನ್ನ ಅಂಗಡಿಯೂ ಸತ್ತಿತೆಂದಾಯಿತು" ಎಂದರು. "ಆ ಬಾಕಿ ಅಲ್ಲೇ ಇರಲಿ. ಅದರ ಕೆಳಗೆ ಹೊಸ ಸರಕು ಬರೆಯಿರಿ."

ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ಸಾಲ ಬಿಟ್ಟುಕೊಟ್ಟು ಕೈ ತೊಳೆದುಕೊಳ್ಳುವುದು ನಮಗೆ ಸುಲಭವಿತ್ತು. ಏನೂ ಇಲ್ಲದ ಮನುಷ್ಯನನ್ನು ನಂಬಿ ಮತ್ತೆ ಉದ್ರಿ ಕೊಡುವುದು ಕಷ್ಟವಿತ್ತು. ಅವರಿಗೆ ಬೇಕಾಗಿದ್ದುದು ಆ ಕಷ್ಟದ್ದೇ. ಕಡೆಗೆ ಅದೇ ಪುಟದಲ್ಲಿ ಸಕ್ಕರೆ, ಸಾಬೂನು, ಬೆಂಕಿಪೊಟ್ಟಣ ಬರೆದೆವು. ಬಾಡಿಗೆ ಮನೆಯ ಮುಂದಿನ ಜಗಲಿಯಲ್ಲಿ ಅವರ ಅಂಗಡಿ ತೆರೆಯಿತು. ಹಳೆಯ ಬಾಕಿಯನ್ನು ನಾವು ಕೇಳಿಲ್ಲ, ಅವರು ಮರೆತಿಲ್ಲ, ತಿಂಗಳಿಗಿಷ್ಟೆಂದು ತಂದುಕೊಡುತ್ತಾರೆ.

2025ರ ಮಾರ್ಚ್ 27ರಂದು ಕಲ್ಪೆಟ್ಟದ ಎಲ್‌ಸ್ಟನ್ ತೋಟದಲ್ಲಿ ಸಂತ್ರಸ್ತರ ಹೊಸ ಊರಿಗೆ ಅಡಿಗಲ್ಲು ಬಿತ್ತು. ಒಂದೊಂದು ಕುಟುಂಬಕ್ಕೆ 7 ಸೆಂಟ್ ಜಾಗ, 1000 ಚದರ ಅಡಿಯ ಮನೆ ಎಂದು ಯೋಜನೆ. ಮನೆಯನ್ನು ಸರಕಾರ ಕಟ್ಟಿಕೊಟ್ಟೀತು. ಆದರೆ ಆ ಮನೆಯ ಯಜಮಾನನಿಗೆ ಪೇಟೆಯಲ್ಲಿ ಮತ್ತೆ ಒಂದು ಪುಟ ತೆರೆದುಕೊಡುವವರು ನಾವೇ ಆಗಬೇಕು.

ಆದ್ದರಿಂದ "ಏನು ಕಳಿಸಬೇಕು" ಎಂದು ಕೇಳುವ ಬಂಧುಗಳಿಗೆ ನಮ್ಮ ಉತ್ತರ: ಗಂಟು ಕಟ್ಟಬೇಡಿ. ನಿಮ್ಮ ಊರಿನಲ್ಲೂ ನೆರೆ ಬರುತ್ತದೆ, ಬರ ಬರುತ್ತದೆ, ಬೆಂಕಿ ಬೀಳುತ್ತದೆ. ಅದರಲ್ಲಿ ನೆಲಕಚ್ಚಿದ ಒಬ್ಬ ಗಿರಾಕಿ ನಿಮ್ಮ ಪುಸ್ತಕದಲ್ಲೂ ಇರುತ್ತಾನೆ. ನಾಚಿಕೆಯಿಂದ ಅವನು ಅಂಗಡಿಯ ಮುಂದೆ ಹಾಯುತ್ತಿರಲಿಕ್ಕಿಲ್ಲ. ಈ ವಾರ ಅವನನ್ನು ಕರೆದು ಕೂರಿಸಿ, ಬಾಕಿಯ ಮಾತೆತ್ತದೆ, "ಏನು ಸರಕು ಬೇಕು?" ಎಂದು ಕೇಳಿ.

ಜೈ ಜಿನೇಂದ್ರ.