ಕಾಡಂಚಿನ ಸರ್ಕಾರಿ ಶಾಲೆಗೆ ಬೇಕಾದ್ದು
ಯಲ್ಲಾಪುರ ತಾಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳು ಅಡಿಕೆ ತೋಟ, ಕಾಡು, ಹಳ್ಳಗಳ ನಡುವೆ ಚದುರಿದ ಮಜಿರೆಗಳ ಮಕ್ಕಳಿಗಾಗಿ ಇವೆ. ಸುಧಾರಣೆಯೂ ಆ ನೆಲಕ್ಕೆ ಒಗ್ಗಬೇಕು. ಮೊದಲನೆಯದು ದಾರಿ. ಮಳೆಗಾಲದಲ್ಲಿ ಮರದ ದಿಮ್ಮಿ ಹಾಸಿದ ಸಂಕದ ಮೇಲೆ ನೀರು ಹರಿದರೆ ಅಂದು ಮಗುವಿಗೆ ಶಾಲೆಯಿಲ್ಲ. ಗಟ್ಟಿಯಾದ ಕಾಲುಸಂಕವೂ ಶಿಕ್ಷಣದ ಖರ್ಚೇ. ಎರಡನೆಯದು ಶಿಕ್ಷಕರು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರಿರಬೇಕು. ಒಬ್ಬರು ಸಭೆಗೆ ಹೋದರೂ ಪಾಠ ನಿಲ್ಲಬಾರದು. ಹಲವು ತರಗತಿಗಳು ಒಂದೇ ಕೋಣೆಯಲ್ಲಿ ಕೂರುವಲ್ಲಿ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ ಕೈಹಿಡಿಯುತ್ತದೆ: ಮಗು ತನ್ನ ಕಲಿಕಾ ಕಾರ್ಡನ್ನು ತಾನೇ ಎತ್ತಿಕೊಂಡು, ಕಲಿಕಾ ಏಣಿಯ ಮೆಟ್ಟಿಲುಗಳನ್ನು ತನ್ನದೇ ವೇಗದಲ್ಲಿ ಏರುತ್ತದೆ. ಮೂರನೆಯದು ಭಾಷೆ. ಇಲ್ಲಿನ ಸಿದ್ದಿ ಸಮುದಾಯದ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ಕೊಂಕಣಿ. ಒಂದನೇ ತರಗತಿಯಲ್ಲಿ ಆ ಮಾತಿನ ಹಾಡು, ಕಥೆಗಳ ಕೈಹಿಡಿದೇ ಅವರನ್ನು ಕನ್ನಡ ಅಕ್ಷರಕ್ಕೆ ಕರೆತರಬೇಕು. ಕೊನೆಯದು ಊರಿನ ಪಾಲು. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯು ಹಬ್ಬದ ದಿನಗಳಲ್ಲಷ್ಟೇ ಸೇರದೆ, ತಿಂಗಳಿಗೊಮ್ಮೆ ಕುಳಿತು ಹಾಜರಿ, ಬಿಸಿಯೂಟ, ಮಕ್ಕಳ ಓದು ಮೂರನ್ನೂ ಪರಿಶೀಲಿಸಬೇಕು; ಪಾಲಕರ ಕಣ್ಣಿದ್ದ ಶಾಲೆಗೆ ಬಲ ಬರುತ್ತದೆ.