ಅರಿಶಿನ ತಾನೇ, ಏನಾಗುತ್ತೆ?

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾದ ವಾರದೊಳಗೆ ಎರಡು ಸಾಮಾನು ಬಂದೇ ಬರುತ್ತವೆ. ಒಂದು, ಸೇಬು ದಾಳಿಂಬೆ ತುಂಬಿದ ಕವರು. ಇನ್ನೊಂದು, ಅರಿಶಿನದ ಕ್ಯಾಪ್ಸೂಲ್ ಡಬ್ಬಿ. ಹೋದ ವರ್ಷ ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಪತ್ತೆಯಾದಾಗ ಇಂಥ ಡಬ್ಬಿಗಳು ಮೂರು ಬಂದವು. ಒಂದನ್ನು ಅವರ ಮಗ ನ್ಯೂಜೆರ್ಸಿಯಿಂದ ಕಳಿಸಿದ್ದ, ಇನ್ನೊಂದನ್ನು ಪಕ್ಕದ ಮನೆ ಆಂಟಿ ಆನ್‌ಲೈನ್‌ನಲ್ಲಿ ತರಿಸಿಕೊಟ್ಟಿದ್ದರು. ಮೂರನೆಯದು ಯಾರು ತಂದಿಟ್ಟರೋ ಇವತ್ತಿಗೂ ಗೊತ್ತಿಲ್ಲ.

ಚಿಕ್ಕಮ್ಮನ ಆಸ್ಪತ್ರೆ ಫೈಲ್ ಹಿಡಿದು ಓಡಾಡೋ ಕೆಲಸ ನನ್ನದು. ಲ್ಯಾಪ್‌ಟಾಪ್ ಇದ್ದರೆ ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದಲ್ಲ ಅನ್ನೋ ಒಂದೇ ಕಾರಣಕ್ಕೆ ಪ್ರತಿ ಮನೆಯಲ್ಲೂ ಒಬ್ಬರ ಪಾಲಿಗೆ ಇದು ಬರುತ್ತೆ. ಪ್ರತಿ ಸಲ ಕೀಮೋಗೆ ಮುಂಚೆ ನರ್ಸ್ ಒಂದು ಪ್ರಶ್ನೆ ಕೇಳ್ತಾರೆ: "ಬೇರೆ ಏನಾದ್ರೂ ಔಷಧಿ ತಗೋತಿದ್ದೀರಾಮ್ಮ?" ಚಿಕ್ಕಮ್ಮ ತಲೆಯಾಡಿಸಿ, "ಇಲ್ಲಮ್ಮ, ನೀವು ಕೊಟ್ಟಿದ್ದಷ್ಟೇ" ಅಂದರು. ಅವರು ಸುಳ್ಳು ಹೇಳಿದ್ದಲ್ಲ. ಅರಿಶಿನವನ್ನು ಔಷಧಿ ಅಂತ ಯಾರು ಲೆಕ್ಕಕ್ಕೆ ಹಿಡೀತಾರೆ? ಅದು ಗಾಯಕ್ಕೆ ಒತ್ತೋದು, ಹೊಸ್ತಿಲಿಗೆ ಬಳಿಯೋದು, ಕುಂಕುಮದ ಜೊತೆ ತಟ್ಟೆಯಲ್ಲಿಟ್ಟು ಕೊಡೋದು. ನಾನು ಫೋನಿನಲ್ಲಿದ್ದ ಮೂರು ಡಬ್ಬಿಗಳ ಫೋಟೋ ತೋರಿಸಿದೆ. ನರ್ಸ್ ನೋಡಿ, ಸುಮ್ಮನೆ ಎದ್ದು ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದರು. ಡಾಕ್ಟರ್ ಲೇಬಲ್ ದೊಡ್ಡದು ಮಾಡಿಕೊಂಡು ಓದಿ, "ಸಾರಿಗೆ ಹಾಕ್ಕೊಳ್ಳಿ, ಬೇಡ ಅನ್ನಲ್ಲ. ಇದನ್ನು ಮಾತ್ರ ಟ್ರೀಟ್‌ಮೆಂಟ್ ಮುಗಿಯೋ ತನಕ ಮುಟ್ಟಬೇಡಿ" ಅಂದರು.

ಚಿಕ್ಕಮ್ಮನಿಗೆ ಇದು ವಿಚಿತ್ರ ಅನ್ನಿಸಿತು. ನಿಮಗೂ ಅನ್ನಿಸಬಹುದು. ಹಾಗಾಗಿ ಸ್ವಲ್ಪ ಲೆಕ್ಕ ಮಾಡೋಣ.

ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಅನ್ನೋ ಅಂಶ ಇರೋದು ತೂಕದಲ್ಲಿ ಸುಮಾರು ಶೇ 3ರಷ್ಟು. ಒಂದು ಟೀ ಚಮಚ ಪುಡಿ ಅಂದರೆ ಹತ್ತಿರ ಹತ್ತಿರ 3 ಗ್ರಾಂ, ಅದರಲ್ಲಿ ಕರ್ಕ್ಯುಮಿನ್ 100 ಮಿಲಿಗ್ರಾಂಗಿಂತ ಕಮ್ಮಿ. ಆ ಚಮಚದಲ್ಲಿ ಅರ್ಧ ನಾಲ್ಕು ಜನರ ಸಾಂಬಾರಿಗೆ ಹೋಗುತ್ತೆ. ಕ್ಯಾಪ್ಸೂಲಿನ ಲೇಬಲ್ ಮೇಲೆ ಸಾಮಾನ್ಯವಾಗಿ ಇರೋದು 500 ಮಿಲಿಗ್ರಾಂ, ಶೇ 95 ಶುದ್ಧ. ಅಂದ್ರೆ ಒಂದು ಕ್ಯಾಪ್ಸೂಲ್ ಐದು ಟೀ ಚಮಚ ಅರಿಶಿನಕ್ಕೆ ಸಮ. ದಿನಕ್ಕೆ ಎರಡು ನುಂಗಿದರೆ ಹತ್ತು ಚಮಚ. ನಮ್ಮ ಅಜ್ಜಿ ಎಷ್ಟೇ ಅರಿಶಿನ ಅಭಿಮಾನಿಯಾಗಿದ್ದರೂ ಒಬ್ಬರ ತಟ್ಟೆಗೆ ದಿನಕ್ಕೆ ಹತ್ತು ಚಮಚ ಬಡಿಸಿದವರಲ್ಲ.

ಇಷ್ಟೇ ಆಗಿದ್ದರೆ ಅಷ್ಟು ಚಿಂತೆ ಇರುತ್ತಿರಲಿಲ್ಲ. ಕರ್ಕ್ಯುಮಿನ್ ಬರೀ ತಿಂದರೆ ರಕ್ತಕ್ಕೆ ಸೇರೋದು ತೀರಾ ಕಡಿಮೆ, ಹೆಚ್ಚಿನದು ಹಾಗೇ ಹೊರಗೆ ಹೋಗುತ್ತೆ. ಇದಕ್ಕೊಂದು ಉಪಾಯ ಕಂಡುಕೊಂಡಿದ್ದು ನಮ್ಮ ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರೀನ್, ಅಂದರೆ ಕಾಳುಮೆಣಸಿನ ಸತ್ವ, ಕೊಟ್ಟಾಗ ಅದು ದೇಹಕ್ಕೆ ದಕ್ಕುವ ಪ್ರಮಾಣ ಶೇ 2000ದಷ್ಟು ಹೆಚ್ಚಿತು. ಇವತ್ತು ಮಾರುಕಟ್ಟೆಯ ಎಷ್ಟೋ ಡಬ್ಬಿಗಳ ಮೇಲೆ "ಕಾಳುಮೆಣಸಿನ ಸಾರ ಸೇರಿಸಿದೆ" ಅಂತ ಹೆಮ್ಮೆಯಿಂದ ಬರೆದಿರೋದು ಇದಕ್ಕೇ. ಆದರೆ ಪೈಪರೀನ್ ಈ ಕೆಲಸ ಮಾಡೋದು ಕರುಳು ಮತ್ತು ಲಿವರ್‌ನಲ್ಲಿ ಔಷಧಿಗಳನ್ನು ಒಡೆಯುವ ಕಿಣ್ವಗಳಿಗೆ ಅಡ್ಡಗಾಲು ಹಾಕಿ. ಅದೇ ಕಿಣ್ವಗಳು ಕ್ಯಾನ್ಸರ್ ಮಾತ್ರೆಗಳನ್ನೂ ನೋಡಿಕೊಳ್ಳಬೇಕು. ಅಡ್ಡಗಾಲು ಹಾಕೋವಾಗ ಅರಿಶಿನಕ್ಕೆ ಮಾತ್ರ ಅಂತ ಬೇರ್ಪಡಿಸಿ ಹಾಕೋಕಾಗಲ್ಲ.

ಚಿಕ್ಕಮ್ಮ ಈಗ ತೆಗೆದುಕೊಳ್ಳುತ್ತಿರೋ ಟ್ಯಾಮಾಕ್ಸಿಫೆನ್ ಮಾತ್ರೆಯನ್ನೇ ನೋಡಿ. ನುಂಗಿದ ಮಾತ್ರೆ ಹಾಗೆಹಾಗೇ ಹೆಚ್ಚು ಕೆಲಸ ಮಾಡಲ್ಲ. ಲಿವರ್ ಅದನ್ನು ಎಂಡಾಕ್ಸಿಫೆನ್ ಆಗಿ ಬದಲಾಯಿಸಬೇಕು. 2019ರಲ್ಲಿ ನೆದರ್‌ಲೆಂಡ್ಸ್‌ನ ರೋಟರ್‌ಡ್ಯಾಮ್‌ನ ವೈದ್ಯರು ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದ 16 ಜನರಿಗೆ ಕರ್ಕ್ಯುಮಿನ್, ಪೈಪರೀನ್ ಎರಡನ್ನೂ ಕೊಟ್ಟು ರಕ್ತ ಪರೀಕ್ಷಿಸಿದರು. ಎಂಡಾಕ್ಸಿಫೆನ್ ಸುಮಾರು ಶೇ 12ರಷ್ಟು ಇಳಿದಿತ್ತು. ಚಿಕ್ಕ ಸಂಖ್ಯೆ ಅನ್ನಿಸಬಹುದು. ಐದು ವರ್ಷ ನುಂಗಬೇಕಾದ ಮಾತ್ರೆಯಲ್ಲಿ ದಿನಾ ಒಂದಿಷ್ಟು ಸೋರಿ ಹೋಗೋದನ್ನು ನಾನಂತೂ ಚಿಕ್ಕದು ಅನ್ನಲಾರೆ. ಕೀಮೋ ವಿಷಯದಲ್ಲಿ ಇನ್ನೂ ಹಳೆಯ ಒಂದು ಅಧ್ಯಯನ ಇದೆ. ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ 2002ರಲ್ಲಿ ಸ್ತನ ಕ್ಯಾನ್ಸರ್ ಗೆಡ್ಡೆ ಇದ್ದ ಇಲಿಗಳ ಆಹಾರದಲ್ಲಿ ಕರ್ಕ್ಯುಮಿನ್ ಬೆರೆಸಿದಾಗ, ಸೈಕ್ಲೋಫಾಸ್ಫಮೈಡ್ ಕೊಟ್ಟರೂ ಗೆಡ್ಡೆ ಕರಗಬೇಕಾದಷ್ಟು ಕರಗಲಿಲ್ಲ. ಇಲಿ ಮನುಷ್ಯನಲ್ಲ, ಒಪ್ಪಿದೆ. ಆದರೆ ಚಿಕ್ಕಮ್ಮನಿಗೆ ಹಾಕುತ್ತಿದ್ದ ಕೀಮೋದಲ್ಲಿ ಇದ್ದಿದ್ದೂ ಅದೇ ಸೈಕ್ಲೋಫಾಸ್ಫಮೈಡ್.

ರಕ್ತದ ವಿಷಯ ಬೇರೆಯೇ. ಹೆಚ್ಚಿನ ಪ್ರಮಾಣದ ಕರ್ಕ್ಯುಮಿನ್ ರಕ್ತ ಹೆಪ್ಪುಗಟ್ಟೋದನ್ನು ತಡೆಯಬಹುದು. ಕೀಮೋದಲ್ಲಿ ಪ್ಲೇಟ್‌ಲೆಟ್ ಮೊದಲೇ ಕುಸಿದಿರುತ್ತೆ, ಕೆಲವರಿಗೆ ರಕ್ತ ತೆಳು ಮಾಡೋ ಮಾತ್ರೆಯೂ ನಡೀತಿರುತ್ತೆ. 2018ರಲ್ಲಿ ನ್ಯೂಜಿಲೆಂಡ್‌ನ ಔಷಧ ಸುರಕ್ಷತಾ ಸಂಸ್ಥೆ ಒಂದು ಪ್ರಕರಣ ಪ್ರಕಟಿಸಿತು. ವಾರ್ಫರಿನ್ ಮೇಲಿದ್ದ ರೋಗಿಯೊಬ್ಬರು ಅರಿಶಿನದ ಉತ್ಪನ್ನ ಶುರು ಮಾಡಿದ ಮೇಲೆ, ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕಾದ ಐಎನ್ಆರ್ 10 ದಾಟಿತ್ತು. ಸಣ್ಣ ಪೆಟ್ಟಿಗೂ ರಕ್ತ ನಿಲ್ಲದ ಸ್ಥಿತಿ ಅದು.

ಇನ್ನು ಲಿವರ್. ಇಟಲಿ, ಆಸ್ಟ್ರೇಲಿಯಾ ಎರಡೂ ದೇಶಗಳು ಅರಿಶಿನದ ಸಪ್ಲಿಮೆಂಟ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿವೆ. ಔಷಧಿಯಿಂದ ಲಿವರ್ ಕೆಟ್ಟವರನ್ನು ಗಮನಿಸುವ ಅಮೆರಿಕದ ವೈದ್ಯರ ಜಾಲವೊಂದು ಅರಿಶಿನದ 10 ಪ್ರಕರಣಗಳನ್ನು ವರದಿ ಮಾಡಿತು. ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. ಇದು ಎಲ್ಲರಿಗೂ ಆಗೋದಲ್ಲ. ಆ ಹತ್ತರಲ್ಲಿ ಏಳು ಜನರಲ್ಲಿ ಒಂದೇ ವಂಶವಾಹಿ ಗುಣ ಕಂಡಿತ್ತು. ನಮ್ಮಲ್ಲಿ ಯಾರಿಗೆ ಅದಿದೆ ಅಂತ ಮುಖ ನೋಡಿ ಹೇಳೋಕಾಗುತ್ತಾ? ಹೊಟ್ಟೆ ಕೆಡೋದು, ವಾಕರಿಕೆ, ಭೇದಿ ಇವೆಲ್ಲ ಸಾಮಾನ್ಯ. ಕಷ್ಟ ಏನಂದ್ರೆ ಕೀಮೋದಲ್ಲೂ ಇವೇ ಆಗೋದು. ಯಾವುದರಿಂದ ಯಾವುದು ಅಂತ ಡಾಕ್ಟರ್ ತಲೆ ಕೆಡಿಸಿಕೊಂಡು ಕೂರಬೇಕು.

ಹಾಗಂತ ಅರಿಶಿನ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳ್ತಿಲ್ಲ. ಮಂಗಳೂರಿನ ವೈದ್ಯರು ತಲೆ ಮತ್ತು ಕುತ್ತಿಗೆ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆಯುತ್ತಿದ್ದ 80 ಜನರಲ್ಲಿ ಅರಿಶಿನದ ನೀರಿನಿಂದ ಬಾಯಿ ಮುಕ್ಕಳಿಸೋದನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಬಾಯಿಹುಣ್ಣು ತಡವಾಗಿ ಬಂತು, ತೀವ್ರತೆಯೂ ಕಮ್ಮಿ ಇತ್ತು. ಓದಿ ಖುಷಿಯಾಯಿತು. ಆದರೆ ಇನ್ನೊಂದು ಕಥೆಯೂ ಇದೆ: ರೇಡಿಯೇಷನ್‌ನಿಂದ ಚರ್ಮ ಸುಡೋದಕ್ಕೆ ಕರ್ಕ್ಯುಮಿನ್ ನುಂಗಿದರೆ ಒಳ್ಳೆಯದು ಅಂತ 30 ಮಂದಿಯ ಪುಟ್ಟ ಅಧ್ಯಯನ ಆಸೆ ಹುಟ್ಟಿಸಿತ್ತು. 2018ರಲ್ಲಿ 686 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನೋಡಿದಾಗ ಅಂಥ ಉಪಯೋಗವೇನೂ ಕಾಣಲಿಲ್ಲ. ವಾಟ್ಸಾಪ್‌ನಲ್ಲಿ ಓಡಾಡೋದು ಮಾತ್ರ ಮೊದಲನೆಯದೇ.

ಇದನ್ನೆಲ್ಲ ನ್ಯೂಜೆರ್ಸಿಯ ತಮ್ಮನಿಗೆ ಹೇಳೋದು ನನಗೆ ಡಾಕ್ಟರ್ ಹತ್ತಿರ ಮಾತಾಡೋದಕ್ಕಿಂತ ಕಷ್ಟವಾಯಿತು. "ಅಕ್ಕಾ, ನ್ಯಾಚುರಲ್ ಕಣೇ, ಅದರಲ್ಲೇನಿದೆ?" ಅಂದ. ಅಂಕಿ ಅಂಶ ಹೇಳಿದೆ. ಸುಮ್ಮನಾದ. ಆಮೇಲೆ, "ಇಲ್ಲಿಂದ ನಾನು ಇನ್ನೇನು ಮಾಡ್ಲಿ ಹೇಳು" ಅಂದ. ಆ ಡಬ್ಬಿಯಲ್ಲಿ ಇದ್ದಿದ್ದು ಕರ್ಕ್ಯುಮಿನ್ ಅಷ್ಟೇ ಅಲ್ಲ ಅಂತ ಆಗ ಅರ್ಥವಾಯಿತು. ಸದ್ಯಕ್ಕೆ ಪ್ರತಿ ಭೇಟಿಗೂ ಅವನನ್ನು ವಿಡಿಯೋ ಕಾಲ್‌ನಲ್ಲಿ ಕೂರಿಸ್ತೀನಿ, ಅವನಿಗೆ ರಾತ್ರಿ ಎಷ್ಟೇ ಹೊತ್ತಾಗಿದ್ದರೂ. ಡಾಕ್ಟರನ್ನು ಅವನೇ ನೇರವಾಗಿ ಕೇಳ್ತಾನೆ. ಪಕ್ಕದ ಮನೆ ಆಂಟಿಗೆ ಚಿಕ್ಕಮ್ಮನೇ, "ಡಾಕ್ಟ್ರು ಬೇಡ ಅಂದ್ರು ಕಣ್ರೀ" ಅಂದುಬಿಟ್ಟರು. ಆಂಟಿ ಬೇಜಾರು ಮಾಡಿಕೊಳ್ಳಲಿಲ್ಲ, ಮಾರನೇ ದಿನ ಮೆಣಸಿನ ಸಾರು ಮಾಡಿ ಕಳಿಸಿದರು.

ನಿಮ್ಮ ಮನೆಯಲ್ಲಿ ಯಾರಾದರೂ ಈಗಾಗಲೇ ಇಂಥದ್ದು ತೆಗೆದುಕೊಳ್ಳುತ್ತಿದ್ದರೆ ಗಾಬರಿ ಬೇಡ, ಬೈಯೋದೂ ಬೇಡ. ಬೈದರೆ ಮುಚ್ಚಿಟ್ಟು ನುಂಗ್ತಾರೆ. ಮುಂದಿನ ಭೇಟಿಗೆ ಡಬ್ಬಿಯನ್ನೇ ಬ್ಯಾಗಿಗೆ ಹಾಕ್ಕೊಂಡು ಹೋಗಿ; ದಿನಕ್ಕೆಷ್ಟು, ಯಾವತ್ತಿನಿಂದ ಅಂತ ಹೇಳಿ. ಕಣ್ಣು ಹಳದಿಯಾಗಿದ್ದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದ್ದರೆ, ಮೈ ತುರಿಕೆ ಜಾಸ್ತಿಯಾಗಿದ್ದರೆ, ಒಸಡಿನಲ್ಲಿ ರಕ್ತ ಬರ್ತಿದ್ದರೆ, ಅಥವಾ ಬಯಾಪ್ಸಿ, ಆಪರೇಷನ್ ದಿನ ಗೊತ್ತಾಗಿದ್ದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ. ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ.