ನಮ್ಮ ಒಂದು ನಿಮಿಷ, ಅವರ ಐದು ಗಂಟೆ

ವಿಮಾನದಲ್ಲಿ ಎಕಾನಮಿ ಸೀಟಿನವರಿಗೆ ಅನ್ಯಾಯವಾಗುತ್ತಿದೆ ಎಂದು ಬಾಯಿ ಬಿಟ್ಟರೆ ಸಾಕು, ಬೆಂಗಳೂರಿನ ಈ ಪೂರ್ವ ಭಾಗದಲ್ಲಿ ಎಲ್ಲ ಕಡೆಯಿಂದಲೂ ಜನ ತಿರುಗಿಬೀಳುತ್ತಾರೆ. ಶಿವಾಜಿನಗರದಲ್ಲಿ ಟಿಕೆಟ್ ಮಾಡಿಕೊಡುವ ಟ್ರಾವೆಲ್ಸ್ ಅಂಗಡಿಯವರು, ಇಂದಿರಾನಗರದಲ್ಲಿ ಕಂಪನಿಯ ದುಡ್ಡಿನಲ್ಲಿ ಹಾರಾಡುವವರು, ಹರೆಯವನ್ನೆಲ್ಲ ವಿಮಾನಗಳ ನಡುವೆಯೇ ಕಳೆದು ನಿವೃತ್ತರಾದ ಎಚ್‌ಎಎಲ್ ಹಿರಿಯರು. ಇವರ ಮಾತಿನಲ್ಲಿ ಹುರುಳಿಲ್ಲದಿದ್ದರೆ ಸುಮ್ಮನಿರಬಹುದಿತ್ತು. ಹುರುಳಿದೆ, ಅದಕ್ಕೇ ಉತ್ತರ ಕೊಡಬೇಕಾಗಿದೆ.

‘ಸಸ್ತಾ ಟಿಕೆಟ್ ಬೇಕು ಅಂತ ನೀವೇ ಕೇಳ್ತೀರ, ಸಾರ್. ಆಮೇಲೆ ಮಹಾರಾಜನ ಮರ್ಯಾದೆ ಬೇಕು ಅಂದ್ರೆ ಹೆಂಗೆ?’ ಇದು ಶಿವಾಜಿನಗರದ ವಾದ. ಬೆಂಗಳೂರಿನವರು ಯಾರೂ ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅಗ್ಗದ ವಿಮಾನದ ರುಚಿಯನ್ನು ಈ ದೇಶಕ್ಕೆ ಹತ್ತಿಸಿದ್ದೇ ಈ ಊರು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿದಾಗ ಅದರ ಕಚೇರಿ ಇದ್ದದ್ದು ಕನ್ನಿಂಗ್‌ಹ್ಯಾಮ್ ರಸ್ತೆಯಲ್ಲಿ, ವಿಮಾನಗಳು ಏರುತ್ತಿದ್ದದ್ದು ಹಳೇ ಎಚ್‌ಎಎಲ್ ನಿಲ್ದಾಣದಿಂದ. ಏರ್ ಇಂಡಿಯಾದ ಗುರುತು ಮಹಾರಾಜ, ಇವರು ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನು ತಂದು ನಿಲ್ಲಿಸಿದರು. ಬಿಟ್ಟಿ ಊಟವಿಲ್ಲ, ಸೀಟಿಗೆ ನಂಬರಿಲ್ಲ, ಮೊದಲು ಹತ್ತಿದವನಿಗೆ ಕಿಟಕಿ. ಅದೃಷ್ಟವಿದ್ದರೆ ಒಂದು ರೂಪಾಯಿಗೂ ಟಿಕೆಟ್. ಅದುವರೆಗೆ ವಿಮಾನವನ್ನು ತಲೆಯೆತ್ತಿ ನೋಡಿದ್ದಷ್ಟೇ ಆಗಿದ್ದ ಮುರುಗೇಶಪಾಳ್ಯದವರು ಅದರೊಳಗೆ ಕೂತರು. ಯಾರೂ ಊಟ ಎಲ್ಲಿ ಎಂದು ಜಗಳ ತೆಗೆಯಲಿಲ್ಲ.

ಆದ್ದರಿಂದ ಊಟಕ್ಕೆ, ಹೆಚ್ಚಿನ ಲಗೇಜಿಗೆ, ಕಾಲು ಚಾಚುವ ಜಾಗಕ್ಕೆ ಬೇರೆ ದುಡ್ಡು ಕೇಳುವುದು ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಕೈಚೀಲ ಹಿಡಿದು ಹೋಗುವವನು ಪಕ್ಕದವನ ಎರಡು ಸೂಟ್‌ಕೇಸಿನ ಖರ್ಚು ಹೊರಬೇಕಾಗಿಲ್ಲ. ನನ್ನ ತಕರಾರು ಬೇರೆ. ದರ್ಶಿನಿಯಲ್ಲಿ ನಿಂತು ತಿನ್ನುವವನು ಟೇಬಲ್ಲು, ಮಾಣಿ ಕೇಳುವುದಿಲ್ಲ. ಆದರೆ ಟೋಕನ್ ತಗೊಂಡ ಮೇಲೆ ‘ದೋಸೆ ಮುಗೀತು, ಬೇಕಾದರೆ ಎರಡರಷ್ಟು ಕೊಟ್ಟು ಪಕ್ಕದಂಗಡೀಲಿ ತಿನ್ನಿ’ ಎಂದರೆ ಕೇಳುತ್ತಾನೆ. ಅಗ್ಗ ಎಂದರೆ ಕಡಿಮೆ ಸವಲತ್ತು, ಸರಿ. ಅಗ್ಗ ಎಂದರೆ ಕಟ್ಟಳೆಯೆಲ್ಲ ನಮಗೆ, ವಿನಾಯಿತಿಯೆಲ್ಲ ಅವರಿಗೆ ಎಂದು ಯಾರು ಒಪ್ಪಿದ್ದರು?

ಅದು ಹೇಗೆ ಎನ್ನುವುದು ಕೆ.ಆರ್. ಪುರದವರಿಗೆ ಚೆನ್ನಾಗಿ ಗೊತ್ತು. 2008ರ ಮೇ 24ರಂದು ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ ಹಲಸೂರಿನವರಿಗೆ ಆಟೋದಲ್ಲಿ ಮುಗಿಯುತ್ತಿದ್ದ ದಾರಿ ಅರ್ಧ ದಿನದ ಕೆಲಸವಾಯಿತು. ಹೊಸ ನಿಲ್ದಾಣದ 150 ಕಿಲೋಮೀಟರ್ ಆಸುಪಾಸಿನಲ್ಲಿ 25 ವರ್ಷ ಪೈಪೋಟಿಗೆ ಇನ್ನೊಂದು ಬರಕೂಡದು ಎಂಬ ಕರಾರಿರುವುದರಿಂದ ಹಳೆಯದು ತೆರೆಯುವ ಆಸೆಯೂ ಸದ್ಯಕ್ಕಿಲ್ಲ. (ಇದಕ್ಕೆ ವಿಮಾನ ಸಂಸ್ಥೆಗಳನ್ನು ದೂರಲಾರೆ.) ಟಿನ್ ಫ್ಯಾಕ್ಟರಿಯಲ್ಲಿ ವಾಯುವಜ್ರ ಬಸ್ಸು ಹತ್ತಿ ಹೆಬ್ಬಾಳದ ಕಡೆ ಹೋಗಬೇಕು, ಇಲ್ಲವೇ ಟ್ಯಾಕ್ಸಿ ಹಿಡಿದು ಹೆಣ್ಣೂರು–ಬಾಗಲೂರು ಒಳದಾರಿ ನಂಬಬೇಕು. ಎಲ್ಲೋ ಒಂದು ಲಾರಿ ಅಡ್ಡ ನಿಂತರೆ ಮುಗಿಯಿತು. ದೇಶದೊಳಗಿನ ಹಾರಾಟಕ್ಕೆ ಚೆಕ್-ಇನ್ ಕೌಂಟರು ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುತ್ತದೆ. ನೀವು 59ನೇ ನಿಮಿಷಕ್ಕೆ ಬೆವರೊರೆಸುತ್ತಾ ಸೂಟ್‌ಕೇಸ್ ಹೊತ್ತು ನಿಂತರೆ ನೀವು ‘ನೋ ಶೋ’, ಅಂದರೆ ಬಂದೇ ಇಲ್ಲ. ಟಿಕೆಟ್ಟಿನ ಮೂಲ ದರವನ್ನೂ ಇಂಧನ ಶುಲ್ಕವನ್ನೂ ಪೂರ್ತಿ ಇಟ್ಟುಕೊಳ್ಳಲು ಅವರಿಗೆ ಅವಕಾಶವಿದೆ. ತೆರಿಗೆ ಮತ್ತು ನಿಲ್ದಾಣದ ಶುಲ್ಕ ಮಾತ್ರ ವಾಪಸು ಬರಬೇಕು.

ಈಗ ಅದೇ ವಿಮಾನ ಐದು ಗಂಟೆ ಲೇಟು ಎನ್ನಿ. ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎಯ ನಿಯಮದ ಪ್ರಕಾರ ಮುಂಬೈ, ಹುಬ್ಬಳ್ಳಿಯಂಥ ಹಾರಾಟ ಎರಡು ಗಂಟೆ ತಡವಾದರೆ ತಿಂಡಿ ಕೊಡಬೇಕು. ದುಡ್ಡು ವಾಪಸು ಅಥವಾ ಬೇರೆ ವಿಮಾನ ಎಂಬ ಮಾತು ಬರುವುದು ತಡ ಆರು ಗಂಟೆ ದಾಟಿದರೆ. ಐದು ಗಂಟೆಗೆ ಒಂದು ತಿಂಡಿ ಪೊಟ್ಟಣ, ನಮ್ಮ ಒಂದು ನಿಮಿಷಕ್ಕೆ ಇಡೀ ಟಿಕೆಟ್ಟು. ಇದನ್ನು ಅಗ್ಗದ ದರದ ಪರಿಣಾಮ ಎನ್ನುವುದು ಹೇಗೆ? ಹೆಚ್ಚು ದುಡ್ಡು ಕೊಟ್ಟು ಕೊನೇ ಗಳಿಗೆಯಲ್ಲಿ ಟಿಕೆಟ್ ತಗೊಂಡವನಿಗೂ ಸಿಗುವುದು ಅದೇ ಪೊಟ್ಟಣ.

ಇಂದಿರಾನಗರದವರ ಮಾತು: ‘ಈ ಫೀಸುಗಳೆಲ್ಲ ಐಚ್ಛಿಕ. ಬೇಡದಿದ್ದರೆ ಕೊಡಬೇಡಿ.’ ಬಿಲ್ಲು ಕಂಪನಿಗೆ ಹೋಗುವವರು ಹೀಗೆಯೇ ಹೇಳುತ್ತಾರೆ, ತಪ್ಪಿಲ್ಲ. ಐಚ್ಛಿಕ ಎಂದು ಕರೆದದ್ದರ ಚರಿತ್ರೆಯನ್ನು ಸ್ವಲ್ಪ ನೋಡೋಣ. 2018ರ ನವೆಂಬರಿನಲ್ಲಿ ಇಂಡಿಗೋ ವೆಬ್ ಚೆಕ್-ಇನ್ ಮಾಡುವವರಿಗೆ ಎಲ್ಲ ಸೀಟುಗಳಿಗೂ ಶುಲ್ಕ ಎಂದಿತು. ಬಿಟ್ಟಿ ಸೀಟು ಬೇಕಾದರೆ ಕೌಂಟರಿಗೆ ಬನ್ನಿ ಎಂದಾಯಿತು. ಇತ್ತ ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೇಳಿದರೆ ಅದಕ್ಕೂ ದುಡ್ಡು ಕೀಳುವ ಪದ್ಧತಿ ಬೆಳೆಯಿತು. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಲ್ಲಿಸಬೇಕಾಯಿತು. ಟಿಕೆಟ್ ಕೊಂಡವನು ಬೋರ್ಡಿಂಗ್ ಪಾಸ್ ಇಲ್ಲದೆ ಹತ್ತುವುದು ಹೇಗೆ ಎಂದು ಆ ಐಚ್ಛಿಕವಾದಿಗಳು ಯಾರೂ ವಿವರಿಸಲಿಲ್ಲ. ಇನ್ನು ಸೀಟಿಗೆ ದುಡ್ಡು ಕೊಡದ ಅಪ್ಪ ಅಮ್ಮ 4ನೇ ಸಾಲಿನಲ್ಲಿ, ಮಗು 19ನೇ ಸಾಲಿನಲ್ಲಿ. ಹನ್ನೆರಡು ವರ್ಷದೊಳಗಿನ ಮಗುವನ್ನು ತಂದೆ ತಾಯಿಯರಲ್ಲಿ ಒಬ್ಬರ ಪಕ್ಕವಾದರೂ ಕೂರಿಸಿ ಎಂದು ಡಿಜಿಸಿಎ 2024ರ ಏಪ್ರಿಲಿನಲ್ಲಿ ಆದೇಶ ಮಾಡಿತು. ಪುಟ್ಟ ಮಗುವನ್ನು ತಾಯಿಯ ಪಕ್ಕ ಕೂರಿಸಲು ಒಂದು ಸರ್ಕಾರಿ ಆದೇಶ ಬೇಕಾಯಿತು ಎನ್ನುವುದೇ ಈ ಐಚ್ಛಿಕದ ಬಣ್ಣ ಬಯಲು ಮಾಡುತ್ತದೆ.

ಇಂಧನ ಶುಲ್ಕದ ಕಥೆಯೂ ಸ್ವಾರಸ್ಯವಾಗಿದೆ. ಇಂಧನ ದುಬಾರಿ ಎಂದು ಇಂಡಿಗೋ 2023ರ ಅಕ್ಟೋಬರಿನಲ್ಲಿ ದೂರಕ್ಕೆ ತಕ್ಕಂತೆ 300ರಿಂದ 1,000 ರೂಪಾಯಿವರೆಗೆ ಪ್ರತ್ಯೇಕ ಶುಲ್ಕ ಹಾಕಿತು. 2024ರ ಜನವರಿಯಲ್ಲಿ, ಬೆಲೆ ಇಳಿಯಿತು ಎಂದು, ತೆಗೆಯಿತು. ಮೆಚ್ಚಬೇಕಾದ ಪ್ರಾಮಾಣಿಕತೆ. ಅದರ ಬೆನ್ನಿಗೇ ಮುಂದಿನ ಸಾಲಿನ ಕಾಲು ಚಾಚುವ ಸೀಟಿನ ದರ 2,000 ರೂಪಾಯಿವರೆಗೆ ಏರಿತು.

‘ಅವರಿಗೆ ಲಾಭ ಎಲ್ಲಿದೆ ಸ್ವಾಮಿ? ಎಷ್ಟು ಕಂಪನಿಗಳು ಮುಳುಗಿದವು ಲೆಕ್ಕ ಹಾಕಿ’ ಎನ್ನುವವರೂ ಇದ್ದಾರೆ. ಲೆಕ್ಕ ಹಾಕೋಣ. ಏರ್ ಡೆಕ್ಕನ್‌ ಅನ್ನು ನುಂಗಿದ ನಮ್ಮೂರಿನದೇ ಕಿಂಗ್‌ಫಿಶರ್ 2012ರಲ್ಲಿ ನೆಲಕ್ಕಿಳಿಯಿತು. 2019ರಲ್ಲಿ ಜೆಟ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್. ವಿಮಾನದ ಇಂಧನ ಇನ್ನೂ ಜಿಎಸ್‌ಟಿಗೆ ಬಂದಿಲ್ಲ, ರಾಜ್ಯಗಳು ಅದರ ಮೇಲೆ ತಮಗೆ ಬೇಕಾದಷ್ಟು ವ್ಯಾಟ್ ಹಾಕುತ್ತವೆ. ಈ ಗೋಳು ನಿಜ, ಇದರಲ್ಲಿ ನಾನು ವಿಮಾನ ಸಂಸ್ಥೆಗಳ ಪಕ್ಷ. ಆದರೆ ದೇಶದೊಳಗಿನ ನೂರು ಪ್ರಯಾಣಿಕರಲ್ಲಿ 60ಕ್ಕೂ ಹೆಚ್ಚು ಜನರನ್ನು ಹೊರುವ ಇಂಡಿಗೋ 2023–24ರಲ್ಲಿ 8,000 ಕೋಟಿ ರೂಪಾಯಿಗೂ ಮೀರಿ, ಮರುವರ್ಷ 7,000 ಕೋಟಿಗೂ ಮೀರಿ ಲಾಭ ಮಾಡಿದೆ. ಮುಳುಗಿದವರ ಹೆಸರು ಹೇಳಿ ತೇಲುತ್ತಿರುವವರಿಗೆ ರಿಯಾಯಿತಿ ಕೇಳುವುದು ಯಾವ ನ್ಯಾಯ? ಮುಳುಗಿದವರ ಜೊತೆ ಮುಳುಗಿದ್ದು ಮುಂಗಡ ಟಿಕೆಟ್ ಕೊಂಡವರ ದುಡ್ಡೂ ಹೌದು. ತಿಂಗಳುಗಟ್ಟಲೆ ಮೊದಲೇ ಟಿಕೆಟ್ ಕೊಂಡವನು ಆ ಕಂಪನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟವನು. ದಿವಾಳಿಯಾದ ದಿನ ಬ್ಯಾಂಕುಗಳು ಮುಂದೆ, ಇವನು ಸಾಲಿನ ಕೊನೆಯಲ್ಲಿ.

ಮಂಡಿ ಮುಂದಿನ ಸೀಟಿಗೆ ತಾಗುತ್ತದೆ ಎಂಬ ಗೊಣಗಾಟವನ್ನು ಬೇಗ ಮುಗಿಸುತ್ತೇನೆ. 180 ಸೀಟಿದ್ದ ಎ320ರಲ್ಲಿ ಹಿಂಬದಿಯ ಅಡುಗೆ ಜಾಗ, ಶೌಚಾಲಯ ಕಿರಿದು ಮಾಡಿ 186 ಮಾಡಿದರು, ಎ321ರಲ್ಲಿ 232. ಒಂದು ಗಂಟೆಯ ಹಾರಾಟಕ್ಕೆ ಅದೇನೂ ದೊಡ್ಡದಲ್ಲ, ನಮ್ಮ ಬಸ್ಸುಗಳಲ್ಲಿ ಇದಕ್ಕಿಂತ ಇಕ್ಕಟ್ಟು ಕಂಡವರು ನಾವು. ಇಲ್ಲಿ ಎದುರಾಳಿಗಳಿಗೇ ಗೆಲುವು, ಹೋಗಲಿ.

ಎಲ್ಲಕ್ಕಿಂತ ಬಲವಾದ ವಾದ ಎಚ್‌ಎಎಲ್ ಹಿರಿಯರದು. ‘ನಿಯಮ ಇದೆ, ಪರಿಹಾರ ಇದೆ, ನೀವು ಓದುವುದಿಲ್ಲ. ಮತ್ತೆ, ಸುರಕ್ಷತೆಗಾಗಿ ತಡವಾದರೆ ತಾಳ್ಮೆ ಇರಬೇಕು.’ ಎರಡನೆಯದಕ್ಕೆ ನನ್ನದು ಪೂರ್ತಿ ಒಪ್ಪಿಗೆ. ಮಂಜು ಕವಿದಾಗ ಹಾರಿಸಿ ಎಂದು ಬುದ್ಧಿಯಿರುವ ಯಾರೂ ಕೇಳುವುದಿಲ್ಲ. ಮೊದಲನೆಯದನ್ನು ಓದಿಯೇ ಹೇಳುತ್ತೇನೆ.

ಸಕಾಲಕ್ಕೆ ತಿಳಿಸದೆ ವಿಮಾನ ರದ್ದು ಮಾಡಿದರೆ, ಟಿಕೆಟ್ಟಿನ ದುಡ್ಡಿನ ಜೊತೆಗೆ, ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000, ಎರಡು ಗಂಟೆಯೊಳಗಿನದಕ್ಕೆ 7,500, ಅದಕ್ಕೂ ಹೆಚ್ಚಿನದಕ್ಕೆ 10,000 ರೂಪಾಯಿ ಪರಿಹಾರ. ಓದಲು ಹಿತವಾಗಿದೆ. ಆದರೆ ಮುಂದಿನ ಸಾಲು: ಇಷ್ಟು, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಮಂಗಳೂರಿಗೆ 3,000ಕ್ಕೆ ಟಿಕೆಟ್ ಮಾಡಿದವನಿಗೆ 3,000 ವಾಪಸು, ಹೆಚ್ಚೆಂದರೆ ಇನ್ನೊಂದು 3,000. ಆ ದಿನ ಬೇರೆ ವಿಮಾನದ ದರ ಎಷ್ಟಿರುತ್ತದೆ? 2025ರ ಡಿಸೆಂಬರಿನಲ್ಲಿ ಇಂಡಿಗೋ ಹಾರಾಟಗಳು ಸಾಲುಸಾಲಾಗಿ ರದ್ದಾಗಿ ದರ ಆಕಾಶಕ್ಕೇರಿದಾಗ ಸರ್ಕಾರವೇ ಮಿತಿ ಹಾಕಿತು: 500 ಕಿಲೋಮೀಟರಿನೊಳಗೆ 7,500, ದೆಹಲಿಯಷ್ಟು ದೂರಕ್ಕೆ 18,000, ಅದೂ ತೆರಿಗೆ ಬಿಟ್ಟು. ಸರ್ಕಾರ ನ್ಯಾಯ ಎಂದುಕೊಂಡ ಮಿತಿಯನ್ನೂ ಅದೇ ಸರ್ಕಾರದ ಪರಿಹಾರ ಮುಟ್ಟುವುದಿಲ್ಲ. ಯುರೋಪಿನ 2004ರ ನಿಯಮದಲ್ಲಿ ಪರಿಹಾರ ನಿಂತಿರುವುದು ದೂರದ ಮೇಲೆ: 1,500 ಕಿಲೋಮೀಟರಿನೊಳಗೆ 250 ಯೂರೋ, ಟಿಕೆಟ್ ಎಷ್ಟಕ್ಕೇ ಕೊಂಡಿರಲಿ.

ಆ ಡಿಸೆಂಬರನ್ನು ಸುರಕ್ಷತೆಯ ಹೆಸರಿನಲ್ಲಿ ಸಮರ್ಥಿಸುವವರು ಒಂದು ತಾರೀಖು ನೆನಪಿಟ್ಟುಕೊಳ್ಳಲಿ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸುವ ನಿಯಮ ಪ್ರಕಟವಾದದ್ದು 2024ರ ಜನವರಿಯಲ್ಲಿ. ಪೂರ್ತಿ ಜಾರಿಗೆ ಬಂದದ್ದು 2025ರ ನವೆಂಬರ್ 1ಕ್ಕೆ. ತಯಾರಾಗಲು ಇಷ್ಟು ಸಮಯವಿದ್ದೂ ಡಿಸೆಂಬರ್ 5ರಂದು ಒಂದೇ ದಿನ ಇಂಡಿಗೋದ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾದವು. ಕೆಂಪೇಗೌಡ ನಿಲ್ದಾಣದಲ್ಲಿ ಜನ ತಮ್ಮ ಲಗೇಜಿಗಾಗಿ ಗಂಟೆಗಟ್ಟಲೆ ಪರದಾಡಿದರು. ಬೆಂಗಳೂರಿನಲ್ಲಿ ಕೆಲಸ ಮಾಡುವ ಹೊಸ ದಂಪತಿ ಭುವನೇಶ್ವರದಲ್ಲಿ ಸಿಕ್ಕಿಹಾಕಿಕೊಂಡು, ಹುಬ್ಬಳ್ಳಿಯ ತಮ್ಮದೇ ಆರತಕ್ಷತೆಗೆ ವಿಡಿಯೊದಲ್ಲಿ ಹಾಜರಾದರು. ಕೊನೆಗೆ ಸಡಿಲಾದದ್ದು ಪೈಲಟ್‌ಗಳ ವಿಶ್ರಾಂತಿಯ ನಿಯಮ! ತಾಳ್ಮೆ ಯಾರ ಸುರಕ್ಷತೆಗೆ ಎಂದು ಹಿರಿಯರೇ ಹೇಳಬೇಕು. ತೀರಾ ತೊಂದರೆಪಟ್ಟವರಿಗೆ ಆಮೇಲೆ 10,000 ರೂಪಾಯಿಯ ವೋಚರ್ ಘೋಷಣೆಯಾಯಿತು, ಮತ್ತೆ ಅದೇ ಸಂಸ್ಥೆಯಲ್ಲಿ ಹಾರಲು.

‘ತಪ್ಪಿಗೆ ದಂಡ ಹಾಕುತ್ತಾರಲ್ಲ’ ಎಂದರೆ, ಅದೂ ನಮ್ಮೂರಲ್ಲೇ ಆಗಿದೆ. 2023ರ ಜನವರಿ 9ರಂದು ಗೋ ಫಸ್ಟ್‌ನ ದೆಹಲಿ ವಿಮಾನ 55 ಜನರನ್ನು ದೇವನಹಳ್ಳಿಯ ಟಾರ್ಮ್ಯಾಕ್‌ನಲ್ಲಿ ಬಸ್ಸಿನಲ್ಲೇ ಬಿಟ್ಟು ಹಾರಿಹೋಯಿತು. ಬೋರ್ಡಿಂಗ್ ಪಾಸ್ ಕೈಯಲ್ಲಿತ್ತು, ಸಮಯಕ್ಕೆ ಬಂದಿದ್ದರು, ಮಾಡಬೇಕಾದ ಎಲ್ಲವನ್ನೂ ಮಾಡಿದ್ದರು. ಡಿಜಿಸಿಎ 10 ಲಕ್ಷ ರೂಪಾಯಿ ದಂಡ ಹಾಕಿತು. ಅದು ಹೋದದ್ದು ಖಜಾನೆಗೆ. ಆ 55 ಜನರಿಗೆ ಕಂಪನಿ ವರ್ಷದೊಳಗೆ ಬಳಸುವಂತೆ ಒಂದೊಂದು ಬಿಟ್ಟಿ ಟಿಕೆಟ್ ಕೊಡುವುದಾಗಿ ಹೇಳಿತು. ನಾಲ್ಕು ತಿಂಗಳಿಗೆ ಕಂಪನಿಯೇ ಹಾರಾಟ ನಿಲ್ಲಿಸಿತು.

ಉಳಿದದ್ದು ಬೇಸತ್ತವರ ಕೊನೆಯ ಅಸ್ತ್ರ: ‘ಇಷ್ಟವಿಲ್ಲದಿದ್ದರೆ ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿ.’ ಸರಿ, ಅಲ್ಲಿನ ಕಟ್ಟಳೆಯನ್ನೇ ನೋಡೋಣ. 2015ರ ನವೆಂಬರಿನಲ್ಲಿ ಬಂದ ರೈಲ್ವೆ ನಿಯಮದಲ್ಲಿ, 48 ಗಂಟೆಗೂ ಮೊದಲು ಟಿಕೆಟ್ ರದ್ದು ಮಾಡಿದರೆ ಸ್ಲೀಪರ್‌ಗೆ 120, ಮೂರನೇ ದರ್ಜೆ ಎ.ಸಿ.ಗೆ 180 ರೂಪಾಯಿ ಹಿಡಿದುಕೊಳ್ಳುತ್ತಿದ್ದರು, ಪೂರ್ತಿ ಟಿಕೆಟ್ಟಲ್ಲ. ಹತ್ತುವ ಸ್ಟೇಷನ್ನಿನಲ್ಲಿ ರೈಲು ಮೂರು ಗಂಟೆಗಿಂತ ಹೆಚ್ಚು ಲೇಟಾದರೆ, ಹತ್ತದೆ ಅರ್ಜಿ ಹಾಕಿದವನಿಗೆ ಪೂರ್ತಿ ದುಡ್ಡು ವಾಪಸು. ವಿಮಾನದವನಿಗೆ ಆರು ಗಂಟೆ ಕಳೆದ ಮೇಲೆ ಬರುವ ಹಕ್ಕು ಸ್ಲೀಪರ್ ಬೋಗಿಯವನಿಗೆ ಮೂರೇ ಗಂಟೆಗೆ ಬರುತ್ತದೆ. ಎಕಾನಮಿಯವರಿಗೆ ಮಹಾರಾಜನ ಮರ್ಯಾದೆ ಬೇಡ, ಇದನ್ನೇ ಕೊಡಿ.